ಕಪ್ಲರಿಗೆ ಕಾಜಾ

ಟೈಲರಿಗೆ ಹೆದರಿಕೆ ಹುಟ್ಟಿಸದ ವಸ್ತುಗಳು ಈ ಲೋಕದಲ್ಲಿ ನಾಲ್ಕೇ ನಾಲ್ಕು: ಸೂಜಿ, ದಾರ, ಕತ್ತರಿ ಮತ್ತು ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಕರೆಂಟಿನ ಇಸ್ತ್ರಿಪೆಟ್ಟಿಗೆ ಮನೆಗೆ ಬಂದ ದಿನವೇ ಅದನ್ನು ಉದಾರವಾಗಿ ತಂಗಿಗೆ ದಾನ ಮಾಡಿಬಿಟ್ಟಿದ್ದ. ಅಂಗಡಿಯ ದೀಪದ ಸ್ವಿಚ್ಚನ್ನು ಮರದ ಸ್ಕೇಲಿನ ತುದಿಯಿಂದಲೇ ಒತ್ತುತ್ತಿದ್ದ. (ಗಿರಾಕಿಗಳು ಅದನ್ನು ಅವನ ವೃತ್ತಿಯ ಶಿಸ್ತು ಎಂದುಕೊಂಡಿದ್ದರು. ಅವನೂ ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟಿದ್ದ.) ಇಂಥವನನ್ನು ಹುಡುಕಿ ಹುಡುಕಿ ವಿಧಿ ಗಂಟುಹಾಕಿದ್ದು ಒಬ್ಬ ಡ್ರೈವಿಂಗ್ ಶಾಲೆಯ ಮೇಡಮ್ಮಿಗೆ.

ಹೆಂಡತಿಗೆ ಹೆದರಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ದಿನಕ್ಕೆ ಎಂಟು ಜನ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅವರು ಗೋಡೆಯ ಕಡೆಗೋ ಲಾರಿಯ ಕಡೆಗೋ ನುಗ್ಗುವಾಗ ತನ್ನ ಕಾಲಡಿಯ ಎರಡನೇ ಬ್ರೇಕನ್ನು ಆರಾಮವಾಗಿ ಒತ್ತುತ್ತ ಬಂದಿದ್ದವಳು ಅವಳು. ಅವಳ ಕೈಯಲ್ಲಿ ಕಲಿತವರೆಲ್ಲ ಪಾಸಾಗಿದ್ದರು. ಆಗದವನು ಒಬ್ಬನೇ, ಅವಳ ಗಂಡ. ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ಡ್ರೈವಿಂಗ್ ಶಾಲೆ ಇಟ್ಟುಕೊಂಡಿದ್ದ ಮನುಷ್ಯ, ಎದುರುಶಾಲೆಯವನು ಎಂದೇ ಮನೆಯಲ್ಲಿ ಅವನ ಹೆಸರು, ಬಂದ ಗಿರಾಕಿಗಳಿಗೆಲ್ಲ ಆ ಒಬ್ಬನ ಕಥೆಯನ್ನು ಚಹಾದ ಜೊತೆಗೆ ಕೊಡುತ್ತಿದ್ದ. ಸ್ವಂತ ಗಂಡನಿಗೇ ಕಲಿಸೋಕಾಗದವರು ನಿಮಗೇನು ಕಲಿಸ್ತಾರೆ ಎಂದು ಕೇಳುತ್ತಿದ್ದನಂತೆ. ಈ ತಿಂಗಳು ಇಬ್ಬರು ಅವಳನ್ನು ಬಿಟ್ಟು ಆಚೆ ಬದಿಗೆ ದಾಟಿಯೂ ಆಗಿತ್ತು.

ಟೈಲರ್ ಮೂರು ಸಲ ಪರೀಕ್ಷೆಗೆ ಕೂತಿದ್ದ. ಮೊದಲನೇ ಸಲ ಇನ್ಸ್‌ಪೆಕ್ಟರ್ ಕಾರು ಹತ್ತುವ ಮೊದಲೇ ಹೊರಟುಬಿಟ್ಟ. ಎರಡನೇ ಸಲ ಹೊರಡಲೇ ಇಲ್ಲ. 'ಹೊರಡಿ' ಎಂದರೆ 'ಇಷ್ಟು ಬೇಗ ಯಾಕೆ ಸಾರ್' ಎಂದ. ಮೂರನೇ ಸಲ ಎಲ್ಲ ಸರಿಯಾಗಿಯೇ ನಡೆದಿತ್ತು, ಆದರೆ ಅರ್ಧ ದಾರಿಯಲ್ಲಿ ಇನ್ಸ್‌ಪೆಕ್ಟರ್ ಸೀನಿದರು. ಟೈಲರ್ ಬಾಗಿಲು ತೆಗೆದು ಓಡಿದ. ಕಾರು ಇನ್ಸ್‌ಪೆಕ್ಟರನ್ನು ಕೂರಿಸಿಕೊಂಡು ತನ್ನ ಪಾಡಿಗೆ ಸ್ವಲ್ಪ ದೂರ ಹೋಗಿ ಒಂದು ಮರಳುಗುಡ್ಡೆಯಲ್ಲಿ ನಿಂತಿತು.

ನಾಲ್ಕನೇ ಸಲಕ್ಕೆ ಹೆಂಡತಿ ಒಂದು ಒಪ್ಪಂದ ಮುಂದಿಟ್ಟಳು.

"ಇದೊಂದ್ಸಲ ಪಾಸಾಗಿಬಿಡಿ ಸಾಕು. ಆಮೇಲೆ ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಿ ಅನ್ನಲ್ಲ. ಲೈಸೆನ್ಸಿಗೆ ಕಟ್ಟು ಹಾಕಿಸಿ ನನ್ನ ಆಫೀಸಿನ ಗೋಡೆಗೆ ಹಾಕ್ತೀನಿ, ನೀವು ನಿಮ್ಮ ಮೆಷಿನ್ ಮುಂದೆ ಕೂತಿರಿ."

"ಫೇಲಾದ್ರೆ?"

"ಎದುರುಶಾಲೆಗೆ ಸೇರಿಸ್ತೀನಿ."

ಅವಳು ನಗಲಿಲ್ಲ. ಅಂದಿನಿಂದ ಟೈಲರಿಗೆ ಊಟ ರುಚಿಸಲಿಲ್ಲ. ಆದರೆ ಎದೆಯ ಯಾವುದೋ ಮೂಲೆಯಲ್ಲಿ ಒಂದು ಆಸೆಯೂ ಮೊಳೆತಿತ್ತು. ಒಂದೇ ಒಂದು ಸಲ ಪಾಸಾದರೆ ಈ ಕಾರೆಂಬ ಗ್ರಹಚಾರ ಬಿಡುತ್ತದೆ. ಬೆಳಗಿನ ಏಳು ಗಂಟೆಯ ಪಾಠ ಬಿಡುತ್ತದೆ. ನಿನ್ನೆ ಮೊನ್ನೆ ಸೇರಿದವರು ತನ್ನನ್ನು 'ಸೀನಿಯರ್' ಎಂದು ಕರೆಯುವುದು ನಿಲ್ಲುತ್ತದೆ. ಸ್ವಾತಂತ್ರ್ಯ ಎಂದರೆ ಅದೇ ಎಂದು ಅವನಿಗೆ ಖಚಿತವಾಗಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೆಂಡತಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಮೈದಾನಕ್ಕೆ ಬಂದಳು. ಸುಣ್ಣದ ಗೆರೆ ಎಳೆದ ಬಯಲು, ಒಂದು ಗೇಟು, ಗೇಟಿನ ಹತ್ತಿರ ಒಂದು ಮೇಜು, ಮೇಜಿನ ಮುಂದೆ ಹಾವಿನ ಬಾಲದಂಥ ಸರತಿ. ಅವಳು ಕಾರನ್ನು ಮರದ ನೆರಳಿಗೆ ನಿಲ್ಲಿಸಿ, ಕೀಲಿಕೈಯನ್ನು ಅವನ ಕೈಯಲ್ಲಿಟ್ಟು, ತಾನು ಕಾಗದಪತ್ರ ಹಿಡಿದು ಸರತಿಗೆ ಹೋದಳು. ಹೋಗುವಾಗ ಕಿಟಕಿಯಲ್ಲಿ ತಲೆ ಹಾಕಿ, ಏನನ್ನೂ ಮುಟ್ಟಬೇಡಿ, ಸುಮ್ಮನೆ ಉಸಿರಾಡ್ತಾ ಕೂತಿರಿ ಎಂದಳು.

ಟೈಲರ್ ಉಸಿರಾಡುತ್ತ ಡ್ರೈವರ್ ಸೀಟಿನಲ್ಲಿ ಕೂತ. ಮನಸ್ಸು ಸಮಾಧಾನಕ್ಕೆ ಬರಲೆಂದು ಕೈಗೆಲಸದ ಡಬ್ಬಿಯನ್ನೂ ಗುಂಡಿ ಹಾಕಬೇಕಾಗಿದ್ದ ಒಂದು ಕೋಟನ್ನೂ ಜೊತೆಗೆ ತಂದಿದ್ದ. ಎರಡು ಗುಂಡಿ ಹಾಕಿಯೂ ಆಯಿತು. ಅಷ್ಟರಲ್ಲಿ ತನಗಿಂತ ಮುಂದಿದ್ದ ಅಭ್ಯರ್ಥಿಯ ಕಾರು ಸುಣ್ಣದ ಗೆರೆ ದಾಟಿ ಒಂದು ಕಂಬಕ್ಕೆ ಗುದ್ದಿದ್ದು ಕಾಣಿಸಿತು. ಟೈಲರನ ಮೊಣಕಾಲುಗಳು ತಾವಾಗಿಯೇ ನಡುಗತೊಡಗಿದವು. ಎಡಮೊಣಕಾಲು ಬಲಮೊಣಕಾಲಿಗೆ ಬಡಿಯಿತು, ಬಲಮೊಣಕಾಲು ಸ್ಟೀರಿಂಗಿನ ಅಡಿಗೆ ಬಡಿಯಿತು, ಅಡಿಯಿಂದ 'ಟಪ್' ಎಂದು ಏನೋ ಬಂದು ಅವನ ತೊಡೆಯ ಮೇಲೆ ಬಿತ್ತು.

ಅವನು ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎತ್ತಿಕೊಂಡು ಕಣ್ಣು ಮುಚ್ಚಿದ. ಕಚ್ಚಲಿಲ್ಲ. ಒಂದು ಕಣ್ಣು ತೆರೆದು ನೋಡಿದರೆ ವೈರುಗಳ ಗೊಂಚಲು. ಗೊಂಚಲಿನ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿಯ ಪ್ಲಾಸ್ಟಿಕ್ ತುಂಡು. ಮೆಕ್ಯಾನಿಕ್‌ಗಳು ಕಪ್ಲರ್ ಎನ್ನುವುದು ಇದಕ್ಕೇ: ಸ್ಟೀರಿಂಗಿನ ಪಕ್ಕದ ಕಡ್ಡಿಯಿಂದ ಬರುವ ವೈರುಗಳು ಒಂದು ಅರ್ಧಕ್ಕೆ, ದೀಪ, ಹಾರ್ನು, ವೈಪರುಗಳಿಗೆ ಹೋಗುವ ವೈರುಗಳು ಇನ್ನೊಂದು ಅರ್ಧಕ್ಕೆ, ಎರಡನ್ನೂ ಅದುಮಿದರೆ ಸಂಸಾರ ಸಾಗುತ್ತದೆ. ಈಗ ಎರಡೂ ಬೇರೆಯಾಗಿದ್ದವು. ಹಿಡಿದಿಡುವ ಕೊಕ್ಕೆ ಮುರಿದಿತ್ತು. ಎರಡು ಮೂರು ವೈರು ತಮ್ಮ ತೂತಿನಿಂದ ಕಿತ್ತು ಹೊರಗೆ ಬಂದಿದ್ದವು.

ಹೆಂಡತಿಯನ್ನು ಕೂಗಬೇಕಿತ್ತು. ಮರದಡಿಯಿಂದ ಸರತಿಗೆ ನಲವತ್ತು ಹೆಜ್ಜೆ. ಆದರೆ ಕೂಗಿ ಏನೆನ್ನುವುದು? ಏನನ್ನೂ ಮುಟ್ಟಲಿಲ್ಲ, ಮೊಣಕಾಲು ಮುಟ್ಟಿತು ಎನ್ನುವುದೇ? ಹನ್ನೊಂದು ವರ್ಷ ಒಂದು ಗೀರೂ ಬೀಳದಂತೆ ನೋಡಿಕೊಂಡ ಕಾರು ಅವಳದು. ಅವನಿಗೆ ಕರೆಂಟಿನ ಹೆದರಿಕೆ ಒಂದು ಕಡೆ, ಹೆಂಡತಿಯ ಹೆದರಿಕೆ ಇನ್ನೊಂದು ಕಡೆ. ಎರಡನ್ನೂ ತೂಗಿ ನೋಡಿದ. ಕರೆಂಟಾದರೂ ಒಂದೇ ಸಲ ಹೊಡೆಯುತ್ತದೆ ಎನ್ನಿಸಿತು.

ಮೊದಲು ಸುರಕ್ಷತೆ. ಕೀಲಿಕೈ ಹತ್ತಿರವಿದ್ದರೆ ಕರೆಂಟು ವಾಸನೆ ಹಿಡಿದು ಬಂದೀತೆಂದು ಅದನ್ನು ಇಪ್ಪತ್ತು ಹೆಜ್ಜೆ ದೂರ ಕೊಂಡೊಯ್ದು ಒಂದು ಕಲ್ಲಿನ ಕೆಳಗೆ ಬಚ್ಚಿಟ್ಟ. (ಬ್ಯಾಟರಿ ಎಂಬುದೊಂದು ಇದೆ, ಅದು ಕೀಲಿಕೈಯ ಜೊತೆ ವಾಕಿಂಗ್ ಹೋಗುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿಯದಿದ್ದುದೇ ಒಳ್ಳೆಯದಾಯಿತು.) ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಟ್ಟಿದ್ದ ಅಂಗುಸ್ತಾನ ಲೋಹದ್ದೆಂದು ಅದನ್ನು ಕಿತ್ತೆಸೆದ. ಹತ್ತೂ ಬೆರಳಿಗೆ ಕೋಟಿನ ಅಸ್ತರು ಬಟ್ಟೆಯ ತುಂಡುಗಳನ್ನು ಸುತ್ತಿಕೊಂಡ. ಮನೆದೇವರನ್ನು ನೆನೆದು ಕಪ್ಲರಿಗೆ ಕೈ ಹಾಕಿದ.

ಕೈ ಹಾಕಿದ ಮೇಲೆ ಅವನೊಳಗಿನ ಟೈಲರ್ ಎಚ್ಚೆತ್ತ. ಇಲ್ಲೇ ಅನಾಹುತದ ಬೀಜ ಬಿದ್ದದ್ದು. ಎರಡು ಅರ್ಧಗಳನ್ನು ಎದುರುಬದುರು ಹಿಡಿದು ನೋಡುತ್ತಾನೆ, ಈ ಕಡೆಯ ಕೆಂಪು ವೈರಿನ ಎದುರಿಗೆ ಆ ಕಡೆ ನೀಲಿ! ಹಳದಿಯ ಎದುರಿಗೆ ಹಸಿರು. ಹಸಿರಿನ ಎದುರಿಗೆ ಕೆಂಪು. ಕೆಂಪು ಅಂಗಿಗೆ ನೀಲಿ ದಾರ ಹಾಕಿದವನನ್ನು ಅವನ ಗುರು ಅಂಗಡಿಯಿಂದ ಆಚೆಗೆ ಅಟ್ಟುತ್ತಿದ್ದರು. ಯಾವನೋ ಕೆಲಸಗೇಡಿ ಮೆಕ್ಯಾನಿಕ್ ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿಗೆ ತುರುಕಿದ್ದಾನೆ, ಪಾಪ ಇವಳು ಇಷ್ಟು ವರ್ಷ ಗೊತ್ತಿಲ್ಲದೆ ಓಡಿಸಿದ್ದಾಳೆ ಎಂದು ಅವನಿಗೆ ಮರುಕ ಹುಟ್ಟಿತು. ವೈರಿನ ಲೋಕದಲ್ಲಿ ಬಣ್ಣಕ್ಕೆ ಬಣ್ಣ ಕೂಡಲೇಬೇಕೆಂಬ ಕಾನೂನಿಲ್ಲ, ಇಂಥ ಹಳೆಯ ಗಾಡಿಯಲ್ಲಂತೂ ಇಲ್ಲವೇ ಇಲ್ಲ ಎಂದು ಅವನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಸೂಜಿಯ ಮೊನೆಯನ್ನು ತೂತಿಗೆ ತೂರಿಸಿ ಒಂಚೂರು ಒತ್ತಿದರೆ ಒಳಗಿನ ಹಿತ್ತಾಳೆಯ ನಾಲಿಗೆ ಸಡಿಲವಾಗಿ ವೈರು ಹೊರಗೆ ಬರುತ್ತದೆ. ಕರೆಂಟಿನ ಕೆಲಸ ಮಾಡುವವರು ವರ್ಷಗಟ್ಟಲೆ ಕಲಿಯುವ ಈ ವಿದ್ಯೆ ಟೈಲರಿಗೆ ಎರಡೇ ನಿಮಿಷದಲ್ಲಿ ಒಲಿಯಿತು. ಒಂದೊಂದಾಗಿ ಎಲ್ಲವನ್ನೂ ಬಿಡಿಸಿದ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು, ನೀಲಿಗೆ ನೀಲಿ, ಹಳದಿಗೆ ಹಳದಿ ಸೇರಿಸಿದ. ಪ್ರತಿಯೊಂದಕ್ಕೂ ಅದರದೇ ಬಣ್ಣದ ದಾರ ಸುತ್ತಿದ. ಮುರಿದ ಕೊಕ್ಕೆಯ ಜಾಗದಲ್ಲಿ ಎರಡು ಅರ್ಧಗಳನ್ನೂ ಸೇರಿಸಿ ಜೋಡಿದಾರದಲ್ಲಿ ಅಚ್ಚುಕಟ್ಟಾಗಿ ಗುಂಡಿತೂತಿನ ಅಂಚಿನ ಕಾಜಾ ಹೊಲಿಗೆ ಹಾಕಿದ. ಮುಗಿಸಿ ನೋಡಿದಾಗ ಅವನ ಕಣ್ಣೇ ತಂಪಾಯಿತು. ಆ ಹದಿನೈದು ನಿಮಿಷ ತನಗೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ ಎಂಬುದು ಹೊಳೆದು, ಹೊಳೆದ ತಕ್ಷಣ ಮತ್ತೆ ಹೆದರಿಕೆ ಶುರುವಾಯಿತು. ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ನೋಡುವ ಧೈರ್ಯ ಬರಲಿಲ್ಲ. ಗೊಂಚಲನ್ನು ಸ್ಟೀರಿಂಗಿನ ಅಡಿಗೆ ತುರುಕಿಬಿಟ್ಟ.

ಅಷ್ಟರಲ್ಲಿ ಅವನ ನಂಬರು ಕೂಗಿದರು. ಬಚ್ಚಿಟ್ಟ ಕಡೆಯಲ್ಲಿ ಸುಮಾರು ಅರವತ್ತು ಕಲ್ಲುಗಳಿದ್ದವು. ಕೀಲಿಕೈ ಯಾವುದರ ಕೆಳಗಿದೆ ಎಂಬುದು ಅವನಿಗೆ ಮರೆತುಹೋಗಿತ್ತು. ಹೆಂಡತಿ ಓಡಿಬಂದು ನೋಡಿದರೆ ಗಂಡ ನೆಲದ ಮೇಲೆ ಮಂಡಿಯೂರಿ ಒಂದೊಂದೇ ಕಲ್ಲನ್ನು ಎತ್ತಿ ಎತ್ತಿ ಇಡುತ್ತಿದ್ದ.

"ಏನ್ರೀ ಮಾಡ್ತಿದೀರಾ?"

"ಮನಸ್ಸು ಗಟ್ಟಿಮಾಡ್ಕೊತಿದೀನಿ ಕಣೇ."

ಅವಳು ನಂಬಿದಳೋ ಬಿಟ್ಟಳೋ, ಹದಿನೆಂಟನೇ ಕಲ್ಲಿನ ಕೆಳಗೆ ಕೀಲಿಕೈ ಸಿಕ್ಕಿತು.

ಇನ್ಸ್‌ಪೆಕ್ಟರ್ ಅದೇ ಮನುಷ್ಯ, ಮರಳುಗುಡ್ಡೆಯ ಅನುಭವವಿದ್ದವರು. ಕೆಂಪು ಪೆನ್ನು ಹಿಡಿದು ಪಕ್ಕದ ಸೀಟಿನಲ್ಲಿ ಕೂತರು. ಕೂತವರೇ ಎರಡನೇ ಬ್ರೇಕಿನ ಮೇಲೆ ಎರಡೂ ಕಾಲನ್ನು ಇಟ್ಟುಕೊಂಡರು. ಹೆಂಡತಿ ಬೇಲಿಯ ಆಚೆ ನಿಂತಳು. ಟೈಲರ್ ಕನ್ನಡಿಯಲ್ಲಿ ಅವಳನ್ನು ನೋಡಿದ. ಲಾರಿಯ ಮುಂದೆ ನಗುವ ಹೆಂಗಸು ಈಗ ಸೆರಗಿನ ತುದಿಯನ್ನು ಬಾಯಿಗೆ ಕಚ್ಚಿ ಹಿಡಿದಿದ್ದಳು. ಅವಳಿಗೆ ಹೆದರಿಕೆಯಾಗಿದೆ! ಇಷ್ಟು ವರ್ಷದ ಸಂಸಾರದಲ್ಲಿ ಅವನು ಅದನ್ನು ಕಂಡಿದ್ದು ಅದೇ ಮೊದಲು, ಅದೂ ತನ್ನಿಂದಾಗಿ. ಇವತ್ತು ಸತ್ತರೂ ಸರಿ, ಪಾಸಾಗಿಯೇ ಸಾಯಬೇಕು ಎಂದುಕೊಂಡ.

ಕಾರು ಹೊರಟಿತು. ಗೇಟಿನ ಹತ್ತಿರ ಇನ್ಸ್‌ಪೆಕ್ಟರ್ ಎಡಕ್ಕೆ ಎಂದರು. ಟೈಲರ್ ಕಲಿತ ಪ್ರಕಾರ ಎಡಗಡೆಯ ಸಿಗ್ನಲಿಗೆ ಕಡ್ಡಿ ಎತ್ತಿದ.

ಪೀಂ... ಪೀಂ... ಪೀಂ... ಪೀಂ...

ದೀಪ ಮಿನುಗಬೇಕಾದ ತಾಳಕ್ಕೆ ಸರಿಯಾಗಿ ಹಾರ್ನು ಹೊಡೆದುಕೊಳ್ಳತೊಡಗಿತು. ಗೇಟಿನಲ್ಲಿ ನಿಂತಿದ್ದ ಕಾವಲುಗಾರ ಚಹಾ ಲೋಟವನ್ನು ಕೈಬಿಟ್ಟ. ಹಾರ್ನು ಯಾಕೆ ಹೊಡೀತಿದೀರಿ ಎಂದು ಇನ್ಸ್‌ಪೆಕ್ಟರ್ ಕೇಳಿದರು. ನಾನು ಹೊಡೀತಿಲ್ಲ ಸಾರ್, ಅದೇ ಹೊಡ್ಕೊತಿದೆ ಎಂದು ಟೈಲರ್ ಸತ್ಯವನ್ನೇ ಹೇಳಿದ. ಕಡ್ಡಿ ಕೆಳಗಿಳಿಸಿದ, ಮೌನ. ಮುಂದೆ ಬಲಕ್ಕೆ ತಿರುಗಬೇಕಾಯಿತು. ಕಡ್ಡಿಯನ್ನು ಇನ್ನೊಂದು ಕಡೆಗೆ ಎಳೆದ. ಒಣಗಿದ ಗಾಜಿನ ಮೇಲೆ ವೈಪರುಗಳು ಕರಕರ ಎನ್ನುತ್ತ ಒಮ್ಮೆ ಹೋಗಿ ಬಂದವು, ನಿಂತವು, ಮತ್ತೆ ಹೋಗಿ ಬಂದವು. ಅಡ್ಡ ಬಂದ ಸೈಕಲ್ಲಿನವನಿಗೆ ಹಾರ್ನು ಒತ್ತಿದರೆ ಸದ್ದಿಲ್ಲ, ಎಡಗಡೆಯ ದೀಪ ಮಾತ್ರ ಹತ್ತಿತು.

ಆಗ ಟೈಲರಿಗೆ ತಾನು ಮಾಡಿದ್ದು ಅರ್ಥವಾಯಿತು. ಕೆಂಪಿಗೆ ಕೆಂಪು ಸೇರಿಸಿದ ಕೈಯನ್ನು ಶಪಿಸಿಕೊಂಡ. ಮುಂದೆ ಇನ್ನೇನನ್ನು ಮುಟ್ಟಿದರೆ ಇನ್ನೇನಾದೀತೋ, ಗೇರು ಹಾಕಿದರೆ ಬಾಗಿಲುಗಳೇ ಕಳಚಿ ಬಿದ್ದಾವೋ! ಈ ಗಾಡಿಯಲ್ಲಿ ತನ್ನ ಮಾತು ಕೇಳುವುದು ತನ್ನ ಕೈಕಾಲುಗಳು ಮಾತ್ರ ಎಂಬುದು ಅವನಿಗೆ ಮನದಟ್ಟಾಯಿತು. ಅವನು ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿದ.

ಕೈಸನ್ನೆಯ ಪಾಠವನ್ನು ಹೆಂಡತಿ ಎಲ್ಲರಿಗೂ ಹೇಳಿಕೊಡುತ್ತಿದ್ದಳು, ಎಲ್ಲರೂ ಮರುದಿನವೇ ಮರೆಯುತ್ತಿದ್ದರು. ಆರು ಸಲ ಆ ಪಾಠ ಕೇಳಿದ್ದ ಸೀನಿಯರ್ ಮರೆತಿರಲಿಲ್ಲ. ಬಲಕ್ಕೆ ತಿರುಗುವಾಗ ಕೈ ನೇರ. ಎಡಕ್ಕಾದರೆ ಗುಂಡಗೆ ತಿರುಗಿಸುವುದು. ನಿಧಾನಿಸುವಾಗ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ. ಬೆರಳುಗಳಿಗೆ ಸುತ್ತಿದ್ದ ಅಸ್ತರಿನ ತುಂಡುಗಳು ಗಾಳಿಯಲ್ಲಿ ಹಾರುತ್ತಿದ್ದವು. ಎದುರು ಬರುವ ಗಾಡಿಗಳೆಲ್ಲ ಏನೋ ದೊಡ್ಡ ಮನುಷ್ಯರ ಮೆರವಣಿಗೆ ಎಂದುಕೊಂಡು ದಾರಿ ಬಿಟ್ಟವು. ಚೀಲ ಹಿಡಿದ ಒಬ್ಬ ಅಜ್ಜಿ ರಸ್ತೆ ದಾಟಲು ನಿಂತಿದ್ದಳು. ಟೈಲರ್ ಕಾರು ಪೂರ್ತಿ ನಿಲ್ಲಿಸಿ, ಕೈ ಬೀಸಿ, ಅವಳು ಆಚೆ ಬದಿ ಸೇರಿ ಮನೆಯ ಗೇಟು ಹಾಕಿಕೊಳ್ಳುವವರೆಗೂ ಕಾದ. ಹೆದರಿಕೆಯಿಂದ ಅವನ ಬೆನ್ನು ಸೀಟಿಗೆ ಅಂಟಿಹೋಗಿತ್ತು. ಯಾವಾಗಲೋ ಓರೆಗಣ್ಣಿನಿಂದ ನೋಡಿದಾಗ ಇನ್ಸ್‌ಪೆಕ್ಟರ್ ಬ್ರೇಕಿನ ಮೇಲಿನ ಎರಡೂ ಕಾಲನ್ನು ತೆಗೆದು ಆರಾಮವಾಗಿ ಚಾಚಿಕೊಂಡಿದ್ದರು.

ಮೈದಾನಕ್ಕೆ ವಾಪಸು ಬಂದು ಕಾರು ನಿಂತ ಮೇಲೆ ಅವರು ಬಹಳ ಹೊತ್ತು ಏನನ್ನೋ ಬರೆದರು.

"ಇಪ್ಪತ್ತೆರಡು ವರ್ಷ ಆಯ್ತು ನಾನು ಈ ಸೀಟಲ್ಲಿ ಕೂರೋಕೆ ಶುರುಮಾಡಿ. ಕೈಸನ್ನೆ ಮಾಡಿ ಗಾಡಿ ಓಡಿಸಿದೋರು ನೀವೇ ಮೊದಲು. ಪಾಸು."

ಟೈಲರ್ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. (ಹಣೆ ಹಾರ್ನಿಗೆ ತಗುಲಿ ಎಡಗಡೆಯ ದೀಪ ಹತ್ತಿತು.)

ಆದರೆ ಇನ್ಸ್‌ಪೆಕ್ಟರ್ ಇಳಿಯಲಿಲ್ಲ. ಮನುಷ್ಯನ ಪರೀಕ್ಷೆ ಮುಗೀತು, ಇನ್ನು ಗಾಡಿಯದು ಎಂದು ಬಗ್ಗಿ ಸ್ಟೀರಿಂಗಿನ ಅಡಿಗೆ ಕೈ ಹಾಕಿದರು. ಗೊಂಚಲು ಕೆಳಗೆ ಬಂತು. ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ಇದನ್ನ ಯಾರು ರಿಪೇರಿ ಮಾಡಿದ್ದು ಎಂದು ಕೇಳಿದರು. ಪಾಸಾದ ಐದನೇ ನಿಮಿಷಕ್ಕೆ ಟೈಲರ್ ಸುಳ್ಳಿಗಿಳಿದ. ಯಾರೋ ಹೊಸ ಎಲೆಕ್ಟ್ರಿಷಿಯನ್ ಸಾರ್, ಹೆಸರು ಗೊತ್ತಿಲ್ಲ, ಊರಿಗೆ ಹೊಸಬ ಎಂದು ತೊದಲಿದ. ಅಷ್ಟರಲ್ಲಿ ಹೆಂಡತಿ ಓಡಿಬಂದಿದ್ದಳು. ಇನ್ಸ್‌ಪೆಕ್ಟರ್ ಗೊಂಚಲನ್ನು ಅವಳ ಕೈಗೆ ಕೊಟ್ಟರು.

ಅವಳು ನೋಡಿದಳು. ಕೆಂಪಿಗೆ ಕೆಂಪು ದಾರ, ಹಸಿರಿಗೆ ಹಸಿರು ದಾರ. ಅಂಚಿನಲ್ಲಿ ಮುತ್ತು ಪೋಣಿಸಿದಂತೆ ಕಾಜಾ. ಅವಳ ಪ್ರತಿಯೊಂದು ರವಿಕೆಯ ಮೇಲೂ ಇದ್ದ ಹೊಲಿಗೆ ಅದು. ಟೈಲರ್ ಕಾರಿನಿಂದ ಇಳಿದು ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ.

"ಈ ಎಲೆಕ್ಟ್ರಿಷಿಯನ್ ನನಗೆ ಗೊತ್ತು ಸಾರ್," ಎಂದಳು. "ಮನೆಗೆ ಹೋದ್ಮೇಲೆ ನಾನೇ ವಿಚಾರಿಸ್ಕೊತೀನಿ."

ಇನ್ಸ್‌ಪೆಕ್ಟರ್ ಒಂದು ಕಾಗದದ ಮೇಲೆ 'ಪಾಸು' ಎಂದೂ ಇನ್ನೊಂದರ ಮೇಲೆ 'ಗಾಡಿ ರಸ್ತೆಗೆ ಅನರ್ಹ' ಎಂದೂ ಕೆಂಪು ಪೆನ್ನಿನಲ್ಲಿ ಬರೆದು ಎರಡನ್ನೂ ಒಟ್ಟಿಗೆ ಹರಿದುಕೊಟ್ಟರು. ವೈರಿಂಗ್ ಸರಿಯಾಗಿದೆ ಎಂದು ತಿಳಿದವರು ಬರೆದುಕೊಡುವವರೆಗೆ ಗಾಡಿಯ ಎಂಜಿನ್ ಚಾಲೂ ಮಾಡುವಂತಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಫೇಲಾಗದಿದ್ದ ಕಾರು ಅಂದು ಫೇಲಾಯಿತು. ಒಮ್ಮೆಯೂ ಪಾಸಾಗದಿದ್ದ ಗಂಡ ಪಾಸಾದ.

ಹೆಂಡತಿ ಬಯ್ಯುತ್ತಾಳೆಂದು ಟೈಲರ್ ಕಾದ. ಅವಳು ಯಾರಿಗೋ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ಗೇಟಿನ ಆಚೆ ಹಗ್ಗದ ಸಮೇತ ಒಂದು ಕಾರು ಬಂದು ನಿಂತಿತು. ಎದುರುಶಾಲೆಯವನದು. ಪಾಠದ ನಡುವೆಯೇ ಬಂದಿದ್ದ ಅವನು ಎಡಗಡೆಯ ಸೀಟಿನಿಂದ ಇಳಿದು ಬಂದು, ಟೈಲರನ ಕೈಯಲ್ಲಿದ್ದ ಪಾಸಿನ ಕಾಗದವನ್ನು ಎರಡೆರಡು ಸಲ ಓದಿದ. ಮುಖ ಕಪ್ಪಿಟ್ಟಿತು. ನನಗೆ ಇಲ್ಲೇ ಸ್ವಲ್ಪ ಕೆಲಸ ಇದೆ, ನೀವೇ ತಗೊಂಡ್ಹೋಗಿ ಎಂದು ಕಾರನ್ನು ಅವಳಿಗೆ ಒಪ್ಪಿಸಿ ಸರತಿಯ ಕಡೆಗೆ ನಡೆದುಬಿಟ್ಟ. ಹೆಂಡತಿಯ ಮುಖದಲ್ಲಿ ಆಗ ಒಂದು ನಗು ಮೂಡಿತು. ಆ ನಗುವಿಗಾಗಿ ಇನ್ನೂ ನಾಲ್ಕು ಕಪ್ಲರ್ ಹೊಲಿದರೂ ಅಡ್ಡಿಯಿಲ್ಲ ಎಂದು ಟೈಲರಿಗೆ ಅನ್ನಿಸಿತು.

"ಹತ್ತಿ," ಎಂದಳು ಅವಳು, ತಮ್ಮ ಕಾರಿನ ಡ್ರೈವರ್ ಸೀಟನ್ನು ತೋರಿಸಿ.

"ಇನ್ಮೇಲೆ ಸ್ಟೀರಿಂಗ್ ಮುಟ್ಟೋದು ಬೇಡ ಅಂದಿದ್ಯಲ್ಲೇ?"

"ಎಳೆಸ್ಕೊಂಡು ಹೋಗೋ ಗಾಡೀಲಿ ಲೈಸೆನ್ಸ್ ಇರೋರೇ ಕೂರ್ಬೇಕು. ನಾನು ಮುಂದಿನ ಗಾಡೀಲಿ ಕೂರ್ಬೇಕು. ಇಲ್ಲಿ ಇನ್ಯಾರಿಗಿದೆ ಲೈಸೆನ್ಸು?" ಎಂದಳು. ಹಗ್ಗದ ಗಂಟು ಬಿಗಿಯುತ್ತ ಮುಂದುವರಿಸಿದಳು. "ಹಾಂ, ನಾಳೆಯಿಂದ ಬೆಳಿಗ್ಗೆ ಏಳಕ್ಕೆ ಎಲ್ಲರಿಗೂ ಕೈಸನ್ನೆ ಪಾಠ ನೀವೇ ಮಾಡ್ತೀರಿ. ಎರಡನೇ ಬ್ರೇಕ್ ಎಲ್ಲಿದೆ ಅಂತ ಸಂಜೆ ತೋರಿಸ್ತೀನಿ."

ಟೈಲರನ ಕಣ್ಣ ಮುಂದೆ ದಿನಕ್ಕೆ ಎಂಟು ಜನ ಸಾಲಾಗಿ ಗೋಡೆಯ ಕಡೆಗೂ ಲಾರಿಯ ಕಡೆಗೂ ನುಗ್ಗಿದರು. ಫೇಲಾಗಿದ್ದರೆ ಎಷ್ಟು ಸುಖವಾಗಿತ್ತು ಎಂದು ಅವನು ಮನಸಾರೆ ಹಲುಬಿದ. ಎದುರುಶಾಲೆಗೆ ಸೇರಿಕೊಂಡು, ಹಿಂದಿನ ಬೆಂಚಿನಲ್ಲಿ, ಯಾರ ಜವಾಬ್ದಾರಿಯೂ ಇಲ್ಲದೆ! ಕಾಗದವನ್ನು ಜೇಬಿಗೆ ತುರುಕಿಕೊಂಡು ಕಾರು ಹತ್ತಿದ. ಎಂಜಿನ್ ಆರಿಸಿದ ಗಾಡಿ, ಎಷ್ಟು ಒತ್ತಿದರೂ ಕಲ್ಲಿನಂತೆ ಅಲುಗದ ಬ್ರೇಕು, ಮೂಗಿನ ಮುಂದೆ ಮೂರು ಮಾರು ಹಗ್ಗ.

ಒಂದೇ ಒಂದು ಸಮಾಧಾನವಿತ್ತು. ಮುಂದಿನ ಕಾರನ್ನು ಓಡಿಸುವವಳು ಹೆಂಡತಿ, ಅವಳ ಕೈ ತಪ್ಪುವುದಿಲ್ಲ. ಹಾಗೆಂದುಕೊಂಡು ತಲೆ ಎತ್ತಿ ನೋಡಿದರೆ ಅವಳು ಕೂತಿದ್ದು ಎಡಗಡೆಯ ಸೀಟಿನಲ್ಲಿ. ಡ್ರೈವರ್ ಸೀಟಿನ ಕಿಟಕಿಯಿಂದ ದಪ್ಪ ಕನ್ನಡಕದ ಒಬ್ಬ ತಾತ ತಲೆ ಹೊರಗೆ ಹಾಕಿ ಹಿಂದಕ್ಕೆ ತಿರುಗಿ ನೋಡಿದರು. ಅವರ ಹಣೆಯ ತುಂಬ ಬೆವರಿತ್ತು.

"ಟೈಲರೇ, ಹಗ್ಗ ಗಟ್ಟಿಯಾಗಿದೆ ತಾನೆ? ನಂಗೆ ಕ್ಲಾಸು ಶುರುವಾಗಿ ಇವತ್ತು ಎರಡನೇ ದಿನ."